ಮೋಸಂಬಿ ಸಿಪ್ಪೆ ಮತ್ತು ಅಣವೀರನ ಮೂಗು

ಚಂದ್ರಕಲಾ ಮೂರು ಪುಟ್ಟ ಬಾಟಲಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, "ಮೂಸಿ ನೋಡ್ರಿ" ಅಂದಳು.

ಅಣವೀರ ಮೊದಲನೆಯದರ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. "ಛಲೋ ಅದರಿ" ಅಂದ. ಎರಡನೆಯದನ್ನು ಹಿಡಿದು "ಇದೂ ಛಲೋ ಅದ" ಅಂದ. ಮೂರನೆಯದಕ್ಕೂ ಅದೇ ಮಾತು, ಅದೇ ದನಿ.

ಮೂರನೆಯದು ಕೆಟ್ಟ ಎಣ್ಣೆ. ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ಅವಳೇ ಕೆಡಿಸಿ ತಂದದ್ದು. ಮುಚ್ಚಳ ತೆರೆದರೆ ಹಳೆಯ ವಾರ್ನಿಷ್ ಡಬ್ಬಿಯಂತೆ ನಾರುತ್ತಿತ್ತು. ಆದಿತ್ಯನಗರದ ಹತ್ತಿರ ಸಿಮೆಂಟ್ ಲ್ಯಾಬಿನಲ್ಲಿ ಕೆಲಸ ಮಾಡುವಾಗ ಹತ್ತಿದ ಚಾಳಿ ಅದು. ಹೊಸಬರನ್ನು ನಂಬುವ ಮೊದಲು ಅವರ ಮುಂದೆ ಒಂದು ಕೆಟ್ಟ ಸ್ಯಾಂಪಲ್ ಇಟ್ಟು ನೋಡುತ್ತಿದ್ದಳು.

"ಮೂರೂ ಒಂದೇ ನಮೂನಿ ಛಲೋ ಏನ್ರಿ?"

ಕಟ್ಟಿಗೆಯ ಹೊರೆ ಹೊತ್ತು ಅವನ ಬೆನ್ನ ಹಿಂದೆ ಹಾದುಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ಕೆಮ್ಮಿದಳು. ನೆಗಡಿಯಾದವರು ಹಾಗೆ ಕೆಮ್ಮುವುದಿಲ್ಲ. ಅಣವೀರನ ಬೆರಳು ಮೂರನೆಯ ಬಾಟಲಿಯನ್ನು ಮೆಲ್ಲಗೆ ಆಚೆ ಸರಿಸಿತು.

"ಇದೊಂದು ಸ್ವಲ್ಪ ಹಳೇದು ಅನಸ್ತದ ನೋಡ್ರಿ."

"ಅನಸ್ತದ?"

"ಹೌದ್ರಿ. ಅನಸ್ತದ."

ಅವನು ಅವಳ ಕಣ್ಣು ತಪ್ಪಿಸಿದ. ಈತ ಒಂದೋ ಸೋಮಾರಿ, ಇಲ್ಲವೇ ಹೆಂಗಸರ ಮಾತನ್ನು ಅರ್ಧ ಕಿವಿಯಲ್ಲಿ ಕೇಳುವವ ಎಂದು ಚಂದ್ರಕಲಾ ತೀರ್ಮಾನಿಸಿದಳು. ಅವನ ರೆಪ್ಪೆಗಳು ಉದ್ದವಾಗಿದ್ದವು ಎಂಬುದನ್ನೂ ಗಮನಿಸಿದಳು. ಅದು ಪರೀಕ್ಷೆಯ ಭಾಗವಾಗಿರಲಿಲ್ಲ.

ಚಿಂಚೋಳಿಯಿಂದ ತಾಂಡೂರಿನ ಕಡೆ ಹೋಗುವ ರಸ್ತೆಯ ಪಕ್ಕದಲ್ಲಿತ್ತು ಅವನ ಶೆಡ್ಡು. ತಗಡಿನ ಮಾಡು, ಒಂದು ಒಲೆ, ಅದರ ಮೇಲೆ ತಳದಲ್ಲಿ ನೀರು ಕಾಯುವ ಆಳೆತ್ತರದ ಸ್ಟೀಲ್ ಹಂಡೆ, ಅದರ ನೆತ್ತಿಯಿಂದ ಹೊರಟು ತಣ್ಣೀರಿನ ತೊಟ್ಟಿಯೊಳಗೆ ಸುತ್ತಿಕೊಂಡು ಇಳಿಯುವ ಕೊಳವೆ. ಲೆಮನ್‌ಗ್ರಾಸ್ ಹುಲ್ಲಿನಿಂದ ಅಣವೀರ ಎಣ್ಣೆ ಇಳಿಸುತ್ತಿದ್ದ. ಹುಲ್ಲಿನ ಕೊಯ್ಲು ಇಲ್ಲದ ತಿಂಗಳುಗಳಲ್ಲಿ ಹಂಡೆ ಸುಮ್ಮನೆ ನಿಂತಿರುತ್ತಿತ್ತು. ಆ ಸುದ್ದಿ ಹಿಡಿದು ಚಂದ್ರಕಲಾ ಸೇಡಂನಿಂದ ಟಂಟಂ ಆಟೋ ಮಾಡಿಕೊಂಡು ಬಂದಿದ್ದಳು. ಹಿಂದೆ ಚೀಲ ಚೀಲ ಮೋಸಂಬಿ ಸಿಪ್ಪೆ.

ಲ್ಯಾಬಿನ ಕಾಂಟ್ರಾಕ್ಟ್ ಮುಗಿದ ಮೇಲೆ ಅವಳು ಸೇಡಂ ಹತ್ತಿರದ ಮುಧೋಳದಲ್ಲಿ ಅಣ್ಣ ರೇವಣಸಿದ್ದನ ಮನೆಯಲ್ಲಿದ್ದಳು. ಒಮ್ಮೆ ವಾಡಿ ಸ್ಟೇಷನ್ನಿನ ಹೊರಗೆ ಜ್ಯೂಸ್ ಕುಡಿಯುತ್ತ ನಿಂತಾಗ ಪಕ್ಕದ ಸಿಪ್ಪೆಯ ಗುಡ್ಡೆಯ ಮೇಲೆ ಕಣ್ಣು ಬಿತ್ತು. ಒಂದು ತುಂಡು ಎತ್ತಿ ಮಡಚಿದಳು. ಸಿಪ್ಪೆಯ ಮೈಯಿಂದ ಸಣ್ಣ ತುಂತುರು ಚಿಮ್ಮಿ ಅಂಗೈ ತೋಯ್ದಿತು. ಆ ದಿನದಿಂದ ವಾಡಿ, ಚಿತ್ತಾಪುರ, ಸೇಡಂನ ಜ್ಯೂಸ್ ಅಂಗಡಿಯವರು ಅವಳಿಗೆ ಸಿಪ್ಪೆ ಎತ್ತಿಡತೊಡಗಿದರು. ಮದುವೆ ಮುರಿದು ಬಂದ ತಂಗಿ ಕಸ ಹೊತ್ತು ತಿರುಗುತ್ತಾಳೆಂದು ರೇವಣಸಿದ್ದ ಮೊದಲು ಮುನಿಸಿಕೊಂಡಿದ್ದ. ಆಮೇಲೆ ಹಾಲಿನಿಂದ ಕೆನೆ ತೆಗೆಯುವ ಹಳೆಯ ಯಂತ್ರವೊಂದನ್ನು ತಾನೇ ಹುಡುಕಿ ತಂದುಕೊಟ್ಟ.

ಸಿಪ್ಪೆಯನ್ನು ಮುಳ್ಳುಹಲಗೆಯಿಂದ ಚುಚ್ಚಿ, ಹಿಂಡಿ, ಬಂದ ಮಡ್ಡಿ ನೀರನ್ನು ಅವಳು ಆ ಯಂತ್ರದಲ್ಲಿ ತಿರುಗಿಸುತ್ತಿದ್ದಳು. ನೀರು ಒಂದು ಕಡೆ, ಎಣ್ಣೆ ಒಂದು ಕಡೆ. ಬೆಂಕಿ ಬೇಕಿಲ್ಲ. ಎಣ್ಣೆಗೆ ಈಗಷ್ಟೇ ಸುಲಿದ ಹಣ್ಣಿನ ಘಮ. ಆದರೆ ದಿನವಿಡೀ ತಿರುಗಿಸಿದರೆ ಒಂದು ಬಾಟಲಿಯ ತಳ ಮುಚ್ಚುತ್ತಿತ್ತು, ಅಷ್ಟೇ. ಹೈದರಾಬಾದಿನಲ್ಲಿ ಸಾಬೂನು ಮಾಡುವ ಹೆಂಗಸೊಬ್ಬರು ಡಬ್ಬಿಗಟ್ಟಲೆ ಕೇಳಿದ್ದರು. ಬಣ್ಣ ಇರಬಾರದು, ಮೇಣ ಇರಬಾರದು ಎಂದಿದ್ದರು. ಅಂಥ ಎಣ್ಣೆ ಬೇಕಾದರೆ ಉಗಿಯೇ ಗತಿ.

"ಉಗಿಯಾಗ ಹಾಕಿದ್ರ ಬೆಂದ ವಾಸನಿ ಬರ್ತದ" ಅಂದಳು ಚಂದ್ರಕಲಾ. ಗತಿಯಿಲ್ಲದೆ ಬಂದಿದ್ದರೂ ಸೋತಂತೆ ಕಾಣಬಾರದಲ್ಲ.

"ಹಿಂಡಿದ್ರ ಎಷ್ಟು ಬರ್ತದ್ರಿ?"

ಅವಳು ತಳವಷ್ಟೇ ಮುಚ್ಚಿದ್ದ ಮೊದಲ ಬಾಟಲಿ ಎತ್ತಿ ತೋರಿಸಿದಳು. ಅಣವೀರ ಗಂಭೀರವಾಗಿ ತಲೆ ಆಡಿಸಿದ.

"ನಗ್ರಿ, ನಕ್ಕರೇನು ತಪ್ಪಿಲ್ಲ."

"ನಾ ಎಲ್ಲಿ ನಕ್ಕೆ?"

"ಕಣ್ಣಾಗ ನಕ್ಕೀರಿ."

ಅವನು ಕಣ್ಣು ಇಳಿಸಿದ. ನಗು ಅಲ್ಲಿಂದ ತುಟಿಗೆ ಬಂತು.

"ಕಾಲೇಜಿನಾಗ ಇನ್ನೊಂದು ನಮೂನಿ ಮಾಡಿದ್ವಿ" ಅಂದಳು ಅವಳು, ಮಾತು ತಿರುಗಿಸಲು. "ಪೆಟ್ರೋಲಿನಂಥಾದೊಂದು ದ್ರಾವಣದಾಗ ನೆನಸಿ ತೆಗಿಯೂದು. ಎಣ್ಣಿ ಭಾಳ ಬರ್ತದ. ಆದ್ರ ಆ ದ್ರಾವಣದ ವಾಸನಿ ಪೂರಾ ಹೋಗೂದಿಲ್ಲ. ಮೈಗೆ ಹಚ್ಚೋದಕ್ಕ ಅಂಥಾದ್ದು ಕೊಡಬಾರ್ದು."

"ಹಂಗಾದ್ರ ಉಗೀನೇ ಆಗ್ಲಿ. ಬೆಂದ ವಾಸನಿ ಕಡಿಮಿ ಮಾಡಾಕ ಬರ್ತದ. ಸಿಪ್ಪಿ ಸಣ್ಣಗ ಹೆಚ್ಚಿ, ಸಡಿಲ ತುಂಬಿ, ಉರಿ ಮೆತ್ತಗ ಇಟ್ರ ಎಣ್ಣಿ ಲಗೂನ ಬಂದುಬಿಡ್ತದ. ಭಾಳ ಹೊತ್ತು ಬೇಯೂದಿಲ್ಲ."

ಇವನಿಗೆ ಕೆಲಸ ಗೊತ್ತು ಎಂದು ಚಂದ್ರಕಲಾಗೆ ಅನ್ನಿಸಿತು. ಹಾಗಾದರೆ ಆ ಕೆಟ್ಟ ಎಣ್ಣೆಯನ್ನು ಯಾಕೆ ಛಲೋ ಅಂದ? ಆ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಚೀಲ ಇಳಿಸಲು ಎದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತ್ತು. ಜ್ಯೂಸ್ ಅಂಗಡಿಗಳ ಮುಂದೆ ಜನ, ಅಂಗಡಿಗಳ ಹಿಂದೆ ಸಿಪ್ಪೆ. ಚಂದ್ರಕಲಾ ಅರ್ಧ ವಾರ ಸಿಪ್ಪೆಗಾಗಿ ತಿರುಗುತ್ತಿದ್ದಳು, ಉಳಿದ ದಿನ ಶೆಡ್ಡಿನಲ್ಲಿ ಇರುತ್ತಿದ್ದಳು.

ಕೆಮ್ಮಿದ ಹೆಂಗಸು ರಶೀದಾಬೇಗಂ. ಐವತ್ತು ದಾಟಿದವರು, ಉರಿ ನೋಡಿಕೊಳ್ಳುತ್ತಿದ್ದರು. ಅವರನ್ನು ಎಲ್ಲರೂ ಖಾಲಾ ಅನ್ನುತ್ತಿದ್ದರು. ಎಣ್ಣೆ ಇಳಿಯುವ ಹೊತ್ತಿಗೆ ಖಾಲಾ ಎಲ್ಲಿದ್ದರೂ ಬಂದು ಕೊಳವೆಯ ಬಾಯಿಯ ಬಳಿ ಕೂರುತ್ತಿದ್ದರು. ತಲೆ ಹೌದೆಂದು ಆಡಿಸಿದರೆ ಅಣವೀರ ಡಬ್ಬಿಗೆ ತುಂಬುತ್ತಿದ್ದ. ಇಲ್ಲವೆಂದರೆ ಬೇರೆ ಇಡುತ್ತಿದ್ದ. ಹಿರಿಯರಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದಳು ಚಂದ್ರಕಲಾ.

ಅಣವೀರ ಕೊಳವೆಯ ಮೇಲೆ ಅಂಗೈ ಇಟ್ಟು ಶಾಖ ನೋಡುತ್ತಿದ್ದ. ಹನಿ ಬೀಳುವ ಸಪ್ಪಳಕ್ಕೆ ತಲೆ ಓರೆ ಮಾಡಿ ಕಿವಿಗೊಡುತ್ತಿದ್ದ. ಗಾಜಿನ ಪಾತ್ರೆಯಲ್ಲಿ ನೀರಿನ ಮೇಲೆ ಎಣ್ಣೆ ತೆಳ್ಳಗೆ ಕಟ್ಟುತ್ತ ಬಂದಾಗ ಬಗ್ಗಿ ನೋಡುತ್ತಿದ್ದ. ಆ ಕಡೆಯಿಂದ ಅವಳೂ ಬಗ್ಗುತ್ತಿದ್ದಳು. ಗಾಜಿನೊಳಗಿಂದ ಅವನ ಕಣ್ಣು ದೊಡ್ಡದಾಗಿ, ಸ್ವಲ್ಪ ಸೊಟ್ಟಗೆ ಕಾಣುತ್ತಿತ್ತು.

"ಎಣ್ಣಿ ನೋಡ್ರಿ ಮೇಡಂ. ನನ್ನ ಏನ್ ನೋಡ್ತೀರಿ?"

"ನಾ ಎಣ್ಣೀನೇ ನೋಡಾಕತ್ತೀನಿ. ನೀವ ನಡುವ ಬಂದೀರಿ."

ಖಾಲಾ ಒಲೆಗೆ ಕಟ್ಟಿಗೆ ದೂಡುತ್ತ ತಮ್ಮಷ್ಟಕ್ಕೆ ನಕ್ಕರು.

ಮೊದಲ ಡಬ್ಬಿ ಹೈದರಾಬಾದಿಗೆ ಹೋಯಿತು. ಸಾಬೂನಿನವರು ಒಪ್ಪಿದರು. ಇದೇ ಥರ ಬೇಸಿಗೆಯುದ್ದಕ್ಕೂ ಕಳಿಸಿದರೆ ವರ್ಷದ ಒಪ್ಪಂದ ಮಾಡಿಕೊಳ್ಳುತ್ತೇವೆ ಅಂದರು. ಆ ಸಂಜೆ ಅಣವೀರ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟ. ಇಬ್ಬರೂ ದಾರಿಯಲ್ಲಿ ಒಪ್ಪಂದದ ಬಗ್ಗೆಯೇ ಮಾತಾಡಿದರು. ಇಳಿದ ಮೇಲೆ ಅವಳ ಹೆಗಲಿನಿಂದ ಜಾರಿದ ದುಪಟ್ಟಾ ಬೈಕಿನ ಹಿಂಬದಿಗೆ ಸಿಕ್ಕಿಕೊಂಡಿತ್ತು. ಅವನು ಅದನ್ನು ಬಿಡಿಸಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

ಆಮೇಲೆ ಖಾಲಾ ಮಗಳ ಹೆರಿಗೆಗೆಂದು ಶಹಾಬಾದಿಗೆ ಹೋದರು.

ಅದೇ ವಾರ ಚಂದ್ರಕಲಾ ಎರಡು ದಿನ ವಾಡಿಯಲ್ಲಿ ಉಳಿಯಬೇಕಾಯಿತು. ತಿರುಗಿ ಬಂದಾಗ ಟಂಟಂ ಇನ್ನೂ ರಸ್ತೆಯ ಮೇಲೇ ಇತ್ತು, ಆಗಲೇ ಅವಳಿಗೆ ವಾಸನೆ ಬಡಿಯಿತು. ಸೀದ ಬೆಲ್ಲ, ಸುಟ್ಟ ಸಿಪ್ಪೆ, ಕಹಿ ಹೊಗೆ. ಶೆಡ್ಡಿನ ಹಿಂದೆ ಹಂಡೆಯಿಂದ ತೆಗೆದು ಸುರುವಿದ ಸಿಪ್ಪೆಯ ರಾಶಿ ತಳದಲ್ಲಿ ಕಪ್ಪಾಗಿತ್ತು. ಹಂಡೆಯ ತಳದ ನೀರು ಆರಿ ಸಿಪ್ಪೆ ಹತ್ತಿಕೊಂಡಿದೆ ಎಂದು ನೋಡಿದ ಕೂಡಲೇ ತಿಳಿಯಿತು.

ಅಣವೀರ ಆ ರಾಶಿಯ ಪಕ್ಕದಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದ. ಅವಳನ್ನು ನೋಡಿ ಮುಖ ಅರಳಿಸಿದ.

"ಬರ್ರಿ, ಕುಂದ್ರಿ. ನಿನ್ನಿ ಭಾಳ ಎಣ್ಣಿ ಬಂತು."

"ಎಲ್ಲಿ ಅದ?"

"ಮುಂಜಾನಿ ಬಸ್ಸಿಗೆ ಕಳಿಸಿದೆ."

"ಸೀದದ ಅದು."

ಅವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

"ರಸ್ತಾಕ್ಕ ವಾಸನಿ ಬರಾಕತ್ತದ. ನೀವು ಅದರ ಬಾಜೂಕ ಕುಂತು ಊಟ ಮಾಡಾಕತ್ತೀರಿ. ನಿಮಗ ಗೊತ್ತಾಗ್ಲಿಲ್ಲೇನು?"

ಅವನು ರೊಟ್ಟಿಯನ್ನು ಕೆಳಗಿಟ್ಟು ಕೈ ತೊಳೆದುಕೊಂಡ. ಆ ಕೈಯನ್ನು ಟವೆಲ್ಲಿಗೆ ಒರೆಸಿದ. ಮತ್ತೆ ಒರೆಸಿದ.

"ನನಗ ವಾಸನಿ ಬರೂದಿಲ್ಲ" ಅಂದ. "ಕೊರೊನಾ ಎರಡನೇ ಅಲೆಯಾಗ ಜ್ವರ ಬಂತು. ಜ್ವರ ಹೋಯ್ತು. ವಾಸನಿ ಹೊಳ್ಳಿ ಬರ್ಲಿಲ್ಲ."

ಚಂದ್ರಕಲಾ ಕೂತಳು. ಮೂರು ಬಾಟಲಿ, ಖಾಲಾ ಅವರ ಕೆಮ್ಮು, ಕೊಳವೆಯ ಬಾಯಿಯ ಬಳಿ ತಲೆಯಾಡಿಸುವುದು, ಎಲ್ಲವೂ ಒಂದರ ಹಿಂದೆ ಒಂದು ನೆನಪಿಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

"ಮೊದಲ ದಿನಾನೇ ಹೇಳಬೇಕಿತ್ತು."

"ಎಣ್ಣಿ ಮಾಡಾಂವಗ ಮೂಗಿಲ್ಲ ಅಂದ್ರ ಯಾರ್ ಬರ್ತಾರ್ರಿ?" ಅಂದ ಅವನು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು, "ನೀವು ಹೋಗಿಬಿಡ್ತಿದ್ರಿ" ಅಂದ.

ಅದು ನಿಜವಾಗಿತ್ತು. ಅವಳು ಎದ್ದಳು. ಫೋನು ತೆಗೆದುಕೊಂಡು ಬೇವಿನ ಗಿಡದ ಕೆಳಗೆ ಹೋಗಿ ಹೈದರಾಬಾದಿಗೆ ಹಚ್ಚಿದಳು. ಈ ಸಲದ ಡಬ್ಬಿ ತೆರೆಯಬೇಡಿ, ಸೀದಿದೆ, ತಪ್ಪು ನಮ್ಮದೇ, ಹಾಗೇ ಹಿಂದಕ್ಕೆ ಕಳಿಸಿ ಎಂದು ಹೇಳಿದಳು. ಆ ಕಡೆಯವರು ಬಹಳ ಹೊತ್ತು ಏನೇನೋ ಅಂದರು. ಅವಳು ನಿಂತು ಕೇಳಿದಳು. ಕಡೆಗೆ ಅವರು, ಒಪ್ಪಂದದ ಮಾತು ಈಗ ಬೇಡ, ಮುಂದಿನ ಎಣ್ಣೆ ನೋಡಿ ಹೇಳುತ್ತೇವೆ ಅಂದು ಇಟ್ಟರು. ಅವನ ಮೂಗಿನ ವಿಷಯ ಅವಳು ಎತ್ತಲಿಲ್ಲ.

ಹಿಂದೆ ಬಂದು ನಿಂತಿದ್ದ ಅಣವೀರ ಕೇಳಿಸಿಕೊಂಡಿದ್ದ.

"ತಪ್ಪು ನಂದು. ನಮ್ಮದು ಅಂದ್ರಿ."

"ಅಂದೆ."

"ಯಾಕ?"

"ಬಾಯಿಗೆ ಹಂಗ ಬಂತು" ಅಂದಳು ಚಂದ್ರಕಲಾ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಡೀರಿ, ಹಂಡೆ ತಿಕ್ಕೂಣು. ಸೀದ ವಾಸನಿ ಪೂರಾ ಹೋಗೂತನಕ ತಿಕ್ಕಬೇಕು. ಹೋತೋ ಇಲ್ಲೋ ಅಂತ ನಾ ಹೇಳ್ತೀನಿ."

ಆ ದಿನ ಹೊತ್ತು ಮುಳುಗುವವರೆಗೆ ಇಬ್ಬರೂ ಹಂಡೆ ತಿಕ್ಕಿದರು. ಅವನು ಒಳಗಿಳಿದು ತಿಕ್ಕಿದ, ಅವಳು ಮೇಲಿನಿಂದ ನೀರು ಸುರುವಿದಳು. ನಡುನಡುವೆ ತಲೆ ಒಳಗೆ ಹಾಕಿ ಮೂಸಿ, "ಇನ್ನೂ ಅದ" ಅನ್ನುತ್ತಿದ್ದಳು. ಹಂಡೆಯೊಳಗೆ ಅವಳ ದನಿ ಗುಂಯ್ ಎನ್ನುತ್ತಿತ್ತು. ಅವನು ತಲೆಯೆತ್ತಿ ನೋಡುತ್ತಿದ್ದ. ಕೆಲವು ಸಲ ವಾಸನೆ ಹೋಗಿದ್ದರೂ ಅವಳು ಇನ್ನೂ ಅದ ಅಂದಳು. ಅದನ್ನು ಮುಂದೆ ಎಂದೂ ಒಪ್ಪಿಕೊಳ್ಳಲಿಲ್ಲ.

ಖಾಲಾ ತಿರುಗಿ ಬರುವುದು ತಡವಾಯಿತು. ಮೂಗಿನ ಕೆಲಸ ಚಂದ್ರಕಲಾ ಪಾಲಿಗೆ ಬಂತು. ಅಣವೀರ ಬೆಂಕಿ ನೋಡುತ್ತಿದ್ದ, ಅವಳು ವಾಸನೆ. ಮೊದಮೊದಲು "ಆತು", "ಇನ್ನೂ ಆಗಿಲ್ಲ" ಅಷ್ಟೇ ಹೇಳುತ್ತಿದ್ದಳು. ಒಂದು ದಿನ ಅವನು ಕೇಳಿದ:

"ಈಗ ಹ್ಯಾಂಗ ಬರಾಕತ್ತದ?"

"ಹ್ಯಾಂಗ ಅಂದ್ರ?"

"ವಾಸನಿ. ಹ್ಯಾಂಗದ ಹೇಳ್ರಿ."

ಅವಳು ಯೋಚಿಸಿದಳು. ಲ್ಯಾಬಿನಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಅವಳೊಂದಿಗೆ ಎರಡು ವರ್ಷ ಸಂಸಾರ ಮಾಡಿದ ಮನುಷ್ಯನೂ ಏನನ್ನೂ ಹೀಗೆ ಕೇಳಿರಲಿಲ್ಲ.

"ಮೊದಲ ಹನಿ ಬಂದಾಗ ಚುರ್ ಅಂತದ. ನೀರಾಗ ಬೆಣಚುಕಲ್ಲು ಒಗದ್ರ ಹನಿ ಹಾರ್ತದಲ್ಲ, ಹಂಗ. ಆಮ್ಯಾಲ ಮೆತ್ತಗಾಗ್ತದ. ಬಿಸಿಲು ಇಳದ ಮ್ಯಾಲ ಅಂಗಳಕ್ಕ ನೀರು ಹೊಡದು ಕುಂತಂಗ."

ಅವನು ಕಣ್ಣು ಮುಚ್ಚಿ ಕೇಳಿದ. ರೆಪ್ಪೆಗಳು ಕೆನ್ನೆಯ ಮೇಲೆ ಮಲಗಿದ್ದವು. ಅವಳು ನೋಡಿದಳು, ಅವನು ನೋಡುತ್ತಿಲ್ಲವೆಂಬ ಧೈರ್ಯದಲ್ಲಿ.

"ಹೇಳ್ರಿ, ಯಾಕ ನಿಂದ್ರಿಸಿದ್ರಿ?"

"ಮುಗೀತು."

"ಸುಳ್ಳ."

ಅವಳೇ ಜಬರದಸ್ತಿ ಮಾಡಿ ಅವನನ್ನು ಕಲಬುರಗಿಯ ಮೂಗಿನ ಡಾಕ್ಟರ ಹತ್ತಿರ ಕರೆದೊಯ್ದಳು. ಔಷಧ ಇಲ್ಲ, ಆದರೆ ಅಭ್ಯಾಸ ಮಾಡಿಸಬಹುದು ಅಂದರು ಡಾಕ್ಟರು. ಲವಂಗ, ಗುಲಾಬಿ, ನೀಲಗಿರಿ, ಲಿಂಬೆ, ಈ ನಾಲ್ಕನ್ನು ದಿನಕ್ಕೆರಡು ಸಲ ಮೂಸಬೇಕು. ಮೂಸುವಾಗ ಆ ವಾಸನೆಯನ್ನು ನೆನೆಸಿಕೊಳ್ಳಬೇಕು. ತಿಂಗಳುಗಟ್ಟಲೆ. ಬರಬಹುದು, ಬರದೆಯೂ ಇರಬಹುದು.

ಲಿಂಬೆಯ ಬದಲು ಅವರು ಮೋಸಂಬಿ ಇಟ್ಟುಕೊಂಡರು.

ಬೆಳಿಗ್ಗೆ ಹಂಡೆ ಬಿಸಿಯಾಗುವ ಹೊತ್ತಿನಲ್ಲಿ ಅವಳು ಬಾಟಲಿ ಹಿಡಿಯುತ್ತಿದ್ದಳು, ಅವನು ಮೂಸುತ್ತಿದ್ದ, ಅವಳು ಹೇಳುತ್ತಿದ್ದಳು. ಲವಂಗಕ್ಕೆ, "ಹಲ್ಲಿಗೆ ಹತ್ತಿ ಇಟ್ಟಾಗ ಮೊದಲು ಉರದು ಆಮ್ಯಾಲ ಜೋಮು ಹಿಡೀತದಲ್ಲ, ಅದು." ನೀಲಗಿರಿಗೆ, "ಪೆಪ್ಪರಮಿಂಟ್ ತಿಂದು ನೀರು ಕುಡದಂಗ." ಗುಲಾಬಿಗೆ ಬಹಳ ಹೊತ್ತು ತೊದಲಿ, "ಬಿಸಿಲಾಗಿಂದ ದರ್ಗಾದೊಳಗ ಬರಿಗಾಲಿಡ್ತೀವಲ್ರಿ. ಕಲ್ಲು ಪಾದಕ್ಕ ತಣ್ಣಗ ಹತ್ತತದ. ಹಂಗ ಅನ್ಕೋರಿ" ಅಂದಳು.

"ನನಗ ಏನೂ ಬರವಲ್ದು" ಅನ್ನುತ್ತಿದ್ದ ಅವನು ಪ್ರತಿಸಲ. "ಆದ್ರ ಕೇಳಾಕ ಛಲೋ ಅನಸ್ತದ."

ಯುಗಾದಿ ಕಳೆಯಿತು. ಬೇಸಿಗೆ ಕಳೆಯಿತು. ಸಾಬೂನಿನವರು ಮತ್ತೆ ಎಣ್ಣೆ ತರಿಸಿಕೊಂಡರು, ಏನೂ ಅನ್ನದೆ ಇನ್ನಷ್ಟು ಕೇಳಿದರು. ಖಾಲಾ ಮೊಮ್ಮಗಳ ಫೋಟೋ ಹಿಡಿದುಕೊಂಡು ಬಂದರು. ಬಾಟಲಿ ಹಿಡಿದ ಚಂದ್ರಕಲಾಳನ್ನೂ ಕಣ್ಣು ಮುಚ್ಚಿದ ಅಣವೀರನನ್ನೂ ನೋಡಿ, "ನನ್ನ ನೌಕರಿ ಹೋಯ್ತು ಅನ್ನು" ಅಂದು ಒಲೆಯ ಕಡೆ ನಡೆದರು.

ಮುಂಗಾರು ಶುರುವಾದ ಮೇಲೆ ಅಣವೀರ ಬದಲಾದ.

ಅವಳು ಹತ್ತಿರ ಬಂದರೆ ಹಿಂದೆ ಸರಿಯುತ್ತಿದ್ದ. ಬಾಟಲಿಗಳನ್ನು ತಾನೇ ಮೂಸಿಕೊಳ್ಳುತ್ತೇನೆ ಅಂದ. ಅವಳು ಸಿಪ್ಪೆ ಹೆಚ್ಚುವಾಗ ಬಾಗಿಲ ಹೊರಗೆ ನಿಂತಿರುತ್ತಿದ್ದ. ಒಂದು ದಿನ ಬಸ್ ಸ್ಟ್ಯಾಂಡಿಗೆ ಬಿಡುತ್ತೀರಾ ಎಂದು ಅವಳಾಗೇ ಕೇಳಿದಳು. ಅವನು ಟವೆಲ್ಲಿನಿಂದ ಮೂಗು ಬಾಯಿ ಮುಚ್ಚಿಕೊಂಡು, "ಆಟೋ ಕರೀಲೇನು?" ಅಂದ.

ಇನ್ನೊಂದು ದಿನ ಹನಿ ಬೀಳುವ ಸಪ್ಪಳ ಕೇಳಲು ಇಬ್ಬರೂ ಒಟ್ಟಿಗೆ ಬಗ್ಗಿದರು. ಅವಳ ಕೈ ಅವನ ಮುಖದ ಸಮೀಪ ಬಂತು. ಅವನು ಮುಖ ಕಿವುಚಿ ತಟ್ಟನೆ ಎದ್ದು ಹೊರಗೆ ಹೋದ. ಆ ಮುಖವನ್ನು ಅವಳು ನೋಡಿಬಿಟ್ಟಳು. ಅಸಹ್ಯಪಟ್ಟವರ ಮುಖ ಅದು. ಅಂಥ ಮುಖವನ್ನು ಅವಳು ಇನ್ನೊಂದು ಮನೆಯಲ್ಲಿ ಎರಡು ವರ್ಷ ನೋಡಿದ್ದಳು. ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅದೇ ಹೊತ್ತಿಗೆ ಆದಿತ್ಯನಗರದಿಂದ ಫೋನು ಬಂತು. ಲ್ಯಾಬಿನಲ್ಲಿ ಜಾಗ ಖಾಲಿಯಿದೆ, ಈ ಸಲ ಕಾಯಂ. ಬರುತ್ತೇನೆ ಅಂದಳು.

ಶೆಡ್ಡಿಗೆ ಹೋಗಿ ಹೇಳಿದಳು. "ಖಾಲಾ ಅದಾರ, ವಾಸನಿಗೇನು ತೊಂದ್ರಿ ಇಲ್ಲ. ಸಿಪ್ಪಿ ಅಂಗಡಿಯವ್ರೇ ಕಳಿಸ್ತಾರ, ಮಾತಾಡೀನಿ."

ಅಣವೀರ ಬಾಗಿಲ ಹೊರಗೆ ನಿಂತಿದ್ದ. ಟವೆಲ್ಲನ್ನು ಮೂಗಿನಿಂದ ಇಳಿಸಿದ. ಮತ್ತೆ ಏರಿಸಿದ.

"ಛಲೋ ಆತು" ಅಂದ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಚಂದ್ರಕಲಾ ಹೊರಗೆ ನೋಡಿದಳು. ತೊಗರಿ ಬಿತ್ತಿದ ಹೊಲಗಳು, ಕಲ್ಲಿನ ಖಣಿಗಳು, ಮತ್ತೆ ಹೊಲಗಳು. ಅವಳು ಅಳಲಿಲ್ಲ. ಸೇಡಂನಲ್ಲಿ ಇಳಿದಾಗ ಕೈಯಲ್ಲಿನ ಟಿಕೆಟ್ಟು ಎಳೆ ಎಳೆಯಾಗಿ ಹರಿದಿತ್ತು. ಹರಿದದ್ದು ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ.

ಕೆಲಸಕ್ಕೆ ಸೇರಲು ಇನ್ನೂ ಕೆಲವು ದಿನ ಇದ್ದವು. ಮನೆಯಲ್ಲಿ ಉಳಿದಿದ್ದ ಸಿಪ್ಪೆ ಕೆಡಬಾರದೆಂದು ಹಿತ್ತಿಲಿನಲ್ಲಿ ಕೂತು ಹಿಂಡುತ್ತಿದ್ದಳು. ಮೊಣಕೈವರೆಗೆ ರಸ, ಎಣ್ಣೆ. ಆಗ ಬೈಕಿನ ಸಪ್ಪಳ ಕೇಳಿತು. ರೇವಣಸಿದ್ದ ಯಾರನ್ನೋ ಒಳಗೆ ಕರೆದ. ಹಿತ್ತಿಲ ಬಾಗಿಲಲ್ಲಿ ಅಣವೀರ ಬಂದು ನಿಂತ. ಪ್ಯಾಂಟಿಗೆಲ್ಲ ಕೆಸರು. ಅವಳನ್ನು ನೋಡಿದ, ಅವಳ ಕೈ ನೋಡಿದ, ಒಂದು ಹೆಜ್ಜೆ ಹಿಂದೆ ಇಟ್ಟ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದ.

"ಒಂದು ಮಾತು ಹೇಳಬೇಕು. ಕೇಳಿ ಸಿಟ್ಟಿಗೆ ಬರ್ರಿ, ಅಡ್ಡಿಯಿಲ್ಲ. ಪೂರಾ ಹೇಳೂತನಕ ಎದ್ದು ಹೋಗಬ್ಯಾಡ್ರಿ."

"ಹೇಳ್ರಿ."

"ನಿಮ್ಮ ಕೈ ನನಗ ಟೈರ್ ಸುಟ್ಟಂಗ ನಾರ್ತದ."

ಅವಳು ಹಿಂಡುತ್ತಿದ್ದ ಸಿಪ್ಪೆ ಕೈಯಲ್ಲೇ ಉಳಿಯಿತು.

"ಮಳಿ ಶುರುವಾದಾಗಿಂದ. ಒಂದಿನ ನೀವು ಬಾಜೂಕ ಹಾದು ಹೋದ್ರಿ, ಏನೋ ಬಂತು. ಮೊದಲು ನನಗ ವಾಸನಿ ಅಂತ ತಿಳೀಲೇ ಇಲ್ಲ. ಮರತೇಬಿಟ್ಟಿದ್ದೆ. ಆಮ್ಯಾಲ ದಿನಾ ಬರಾಕತ್ತು. ಬರೇ ಮೋಸಂಬಿಗೆ. ಬರೇ ನಿಮ್ಮ—"

"ಉಳ್ಳಾಗಡ್ಡಿಗೆ? ಕಾಫಿಗೆ?"

"ಏನ್ರಿ?"

"ಉಳ್ಳಾಗಡ್ಡಿ ಹುರದ್ರ ಹ್ಯಾಂಗ ಬರ್ತದ? ಅದೂ ಹೊಲಸಾಗಿ ಬರ್ತದೇನು? ಲವಂಗ ಮೂಸಿದ್ರ?"

"ಮೊದಲ ನನಗ ಹೇಳಾಕ ಬಿಡ್ರಿ" ಅಂದ ಅಣವೀರ. ಅವನ ಹಣೆ ಬೆವೆತಿತ್ತು. "ಇಷ್ಟು ವರ್ಷ ಖಾಲಿ ಇದ್ದೆ. ಮೊದಲು ಬಂದ ವಾಸನಿ ನಿಮ್ಮದು. ಅದು ಹಿಂಗ ಬಂತು. ಯಾವ ಹೆಣ್ಣಮಗಳಿಗೆ ಹೋಗಿ ಇದನ್ನ ಹೇಳೂದು? ಕಡೀಗೆ ಸರದು ನಿಂತೆ. ನೀವು ಅದನ್ನ ಹ್ಯಾಂಗ ತಿಳ್ಕೊಂಡ್ರಿ ಅಂತ ನೀವು ಹೋದ ಮ್ಯಾಲ ತಿಳೀತು. ಖಾಲಾ ಎರಡು ದಿನ ನನ್ನ ಜೋಡಿ ಮಾತಾಡ್ಲಿಲ್ಲ."

ಚಂದ್ರಕಲಾ ಕೈಯಲ್ಲಿನ ಸಿಪ್ಪೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಲ್ಯಾಬಿನ ದನಿಯಲ್ಲಿ ಹೇಳಿದಳು:

"ಹೊಳ್ಳಿ ಬರುವಾಗ ಕೆಲವರಿಗೆ ಹಿಂಗ ಆಗ್ತದಂತ. ನರ ಹೊಸದಾಗಿ ಬೆಳೀತಾವ, ಒಂದಕ್ಕ ಹೋಗಿ ಇನ್ನೊಂದು ಕೂಡ್ತದ. ನೀವು ಹೊರಗಿದ್ದಾಗ ಡಾಕ್ಟರ ನನಗ ಹೇಳಿದ್ರು. ನಿಮಗ ಹೇಳಿದ್ರ ಆಶಾ ಹುಟ್ಟತದಂತ ನಾನೇ ಹೇಳಲಿಲ್ಲ. ನಿಮ್ಮ ಮುಖ ನೋಡಿದಾಗ ನನಗೂ ಅದು ನೆನಪಾಗ್ಲಿಲ್ಲ."

"ಆಮ್ಯಾಲ ಬರೋಬ್ಬರಿ ಆಗ್ತದೇನು?"

"ಆಗಬಹುದು. ಆಗದೆ ಹಂಗೇ ಉಳೀಲೂಬಹುದು. ನಾ ಜಲ್ಮಪೂರ್ತಿ ಟೈರ್ ಸುಟ್ಟಂಗ ನಾರಬಹುದು. ವಿಚಾರ ಮಾಡ್ರಿ."

"ಚಿಂಚೋಳಿಯಿಂದ ಇಲ್ಲೀತನಕ ಅದನ್ನೇ ವಿಚಾರ ಮಾಡ್ಕೋತ ಬಂದೀನಿ."

"ಏನ್ ತೀರ್ಮಾನಾತು?"

ಅವನು ಅವಳ ಎದುರು ಕುಕ್ಕರಗಾಲಿನಲ್ಲಿ ಕೂತ. ಸಿಪ್ಪೆಯ ರಸ ಇಳಿಯುತ್ತಿದ್ದ ಅವಳ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಹತ್ತಿರ ತಂದ. ಉಸಿರು ಒಳಗೆಳೆದ. ಕತ್ತಿನ ನರ ಬಿಗಿದದ್ದು ಅವಳಿಗೆ ಕಂಡಿತು. ಕೈ ಬಿಡಲಿಲ್ಲ.

"ತೊಳ್ಕೊಂಡು ಬರ್ತೀನಿ, ಬಿಡ್ರಿ" ಅಂದಳು. ದನಿ ಈಗ ಲ್ಯಾಬಿನದಾಗಿರಲಿಲ್ಲ.

"ಬ್ಯಾಡ. ಇರ್ಲಿ."

"ಆದಿತ್ಯನಗರದವ್ರಿಗೆ ಬರ್ತೀನಿ ಅಂದೀನಿ."

"ಬರೂದಿಲ್ಲ ಅಂತ ಹೇಳಾಕ ಬರ್ತದಲ್ಲ?"

"ಕೇಳುವವ್ರು ನೆಟ್ಟಗ ಕೇಳಿದ್ರ ಬರ್ತದ."

ಅಣವೀರ ಅವಳ ಕಣ್ಣು ನೋಡಿದ. ಈ ಸಲ ತಪ್ಪಿಸಲಿಲ್ಲ.

"ನನ್ನ ಲಗ್ನ ಆಗ್ತೀರೇನು, ಚಂದ್ರಕಲಾ?"

ಒಳಗೆ ಬಟ್ಟಲು ಬಿದ್ದ ಸಪ್ಪಳವಾಯಿತು. ರೇವಣಸಿದ್ದ ಬಾಗಿಲ ಹಿಂದೆಯೇ ಚಹಾ ಹಿಡಿದು ನಿಂತಿದ್ದನೆಂದು ಇಬ್ಬರಿಗೂ ಆಗ ತಿಳಿಯಿತು.

"ಆಗ್ತೀನಿ" ಅಂದಳು ಚಂದ್ರಕಲಾ, ಬಾಗಿಲ ಹಿಂದಿನವನಿಗೂ ಕೇಳುವಂತೆ.

ಅವಳು ಆದಿತ್ಯನಗರಕ್ಕೆ ಹೋಗಲಿಲ್ಲ. ದೀಪಾವಳಿಯ ಮುಂಚೆ ಹೈದರಾಬಾದಿನವರು ಒಪ್ಪಂದ ಮಾಡಿಕೊಂಡರು. ಅವನ ಮೂಗು ಅಷ್ಟಿಷ್ಟು ಸುಧಾರಿಸಿತು, ಆದರೆ ತನ್ನದೇ ರೀತಿಯಲ್ಲಿ. ಲವಂಗ ಲವಂಗದಂತೆಯೇ ಬಂತು. ಉಳ್ಳಾಗಡ್ಡಿಯ ವಾಸನೆ ಹೊಲಸಾಗಿ ಬಂತು. ಮೋಸಂಬಿ ಕೆಲವು ದಿನ ಸುಟ್ಟ ಟೈರು, ಕೆಲವು ದಿನ ಒದ್ದೆ ಸುಣ್ಣ. ಯಾವ ದಿನ ಯಾವುದು ಎಂದು ಅವನು ಬೆಳಿಗ್ಗೆ ವರದಿ ಒಪ್ಪಿಸುತ್ತಿದ್ದ. ಅವಳು ಕೇಳಿಕೊಂಡು ಆ ದಿನ ಎಷ್ಟು ದೂರ ಕೂರಬೇಕೆಂದು ತೀರ್ಮಾನಿಸುತ್ತಿದ್ದಳು. ಅವನು ಆ ದೂರವನ್ನು ಪಾಲಿಸುತ್ತಿರಲಿಲ್ಲ.

ಕಾರ್ತಿಕದಲ್ಲಿ ಮುಧೋಳದ ಮನೆಯ ಮುಂದೆ ಸಣ್ಣ ಚಪ್ಪರ ಹಾಕಿ ಲಗ್ನ ಮಾಡಿದರು. ಖಾಲಾ ಶಹಾಬಾದಿನಿಂದ ಮಗಳನ್ನೂ ಮೊಮ್ಮಗಳನ್ನೂ ಕರೆಸಿಕೊಂಡು ಬಂದರು. ವಾಡಿಯ ಜ್ಯೂಸ್ ಅಂಗಡಿಯವರು ಬಂದರು. ಮಾಲೆ ಸುಗಂಧರಾಜದ್ದು, ದಪ್ಪನೆಯದು, ರೇವಣಸಿದ್ದ ಹಟ ಹಿಡಿದು ತರಿಸಿದ್ದು. ಆ ಹೂವನ್ನು ಅಣವೀರ ಅಲ್ಲಿಯವರೆಗೆ ಮೂಸಿ ನೋಡಿರಲಿಲ್ಲ. ಚಂದ್ರಕಲಾ ಅವನ ಕೊರಳಿಗೆ ಹಾಕಿದ ಕೂಡಲೇ ಅವನ ಮುಖ ಬಿಳುಪೇರಿತು.

"ಏನಾತು?" ಅಂದಳು ಪಿಸುಮಾತಿನಲ್ಲಿ.

"ಸೀಮೆಎಣ್ಣಿ" ಅಂದ ಅವನು, ತುಟಿ ಅಲುಗಿಸದೆ.

"ತೆಗೀಲೇನು?"

"ಮುಗೀಲಿ."

ಅಕ್ಷತೆ ಬೀಳುವವರೆಗೂ ಅವನು ಹಾಗೇ ನಿಂತ. ಎರಡೂ ಕಣ್ಣುಗಳಿಂದ ನೀರು ಇಳಿದು ಗದ್ದದವರೆಗೆ ಬಂತು. ಮುಂದಿನ ಸಾಲಿನ ಹೆಂಗಸರು ಒಬ್ಬರಿಗೊಬ್ಬರು ತೋರಿಸಿಕೊಂಡು, ಹುಡುಗಿಯ ಮೇಲೆ ಎಷ್ಟು ಜೀವ ಇಟ್ಟಾನ ನೋಡು ಎಂದು ಸೆರಗಿನಿಂದ ತಾವೂ ಕಣ್ಣು ಒರೆಸಿಕೊಂಡರು.

ಚಂದ್ರಕಲಾ ಅವರನ್ನು ತಿದ್ದಲು ಹೋಗಲಿಲ್ಲ. ಅವರು ತಿಳಿದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.